ವಾರಗಿತ್ತಿಯ ಪಾಯಿಂಟು

ಚಿಂತಾಮಣಿಯಲ್ಲಿ ಮುನಿಶಾಮಪ್ಪನವರ ಮೊಮ್ಮಗಳ ನಾಮಕರಣ. ಶಾಂತಕುಮಾರಿ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದಳು. ಮುನಿಶಾಮಪ್ಪನವರು ಆಕೆಯ ಗಂಡನಿಗೆ ಚಿಕ್ಕಪ್ಪ. ಆ ವಂಶದಲ್ಲಿ ಯಾರ ಮನೆಯ ಶುಭಕಾರ್ಯವಾದರೂ ಹಿರಿಯ ಸೊಸೆಯಾದ ಆಕೆ ಸೆರಗು ಸಿಕ್ಕಿಸಿ ನಿಂತರೇ ಊಟಕ್ಕೆ ಕಳೆ ಎಂಬ ಮಾತಿತ್ತು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಗೌರಿಬಿದನೂರಿನಿಂದ ಶಿರೀಷಾ ಬಂದಳು. ಮೈದುನ ಉದಯಕುಮಾರನ ಹೆಂಡತಿ, ಎಂದರೆ ಶಾಂತಕುಮಾರಿಗೆ ವಾರಗಿತ್ತಿ. ಹಿಂದಿನ ವಾರವಷ್ಟೇ ಗಂಡ ಹೆಂಡತಿ ಕಾಶ್ಮೀರ ನೋಡಿಕೊಂಡು ಬಂದಿದ್ದರು. ಕೈಯಲ್ಲಿ ಚೀಲದ ತುಂಬ ಅಕ್ರೋಟು, ಹೆಗಲ ಮೇಲೆ ಕಸೂತಿಯ ಉಣ್ಣೆ ಶಾಲು. ಚಿಂತಾಮಣಿಯ ಏಪ್ರಿಲ್ ಬಿಸಿಲಿನಲ್ಲಿ ಆ ಶಾಲು ಯಾಕೆ ಬೇಕಿತ್ತೋ ದೇವರೇ ಬಲ್ಲ.

ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು. ಮುನಿಶಾಮಪ್ಪನವರ ಹೆಂಡತಿ ಅಮ್ಮಾಜಮ್ಮ ಶಾಲಿನ ಅಂಚು ಹಿಡಿದು ನೋಡುತ್ತಾ ಕೇಳಿದರು, "ವಿಮಾನಕ್ಕೇ ಎಷ್ಟಾಯ್ತಮ್ಮ?"

"ಟಿಕೆಟ್ಟಿಗೆ ಏನೂ ಇಲ್ಲ ಚಿಕ್ಕತ್ತೆ, ಟ್ಯಾಕ್ಸು ಕಟ್ಟಿದ್ದು ಅಷ್ಟೇ. ಕ್ರೆಡಿಟ್ ಕಾರ್ಡಲ್ಲಿ ಏನು ತಗೊಂಡ್ರೂ ಪಾಯಿಂಟ್ ಕೊಡ್ತಾರೆ. ಅವನ್ನ ಕೂಡಿಸಿ ವಿಮಾನದ ಕಂಪನಿಗೆ ಹಾಕಿದ್ರೆ ಟಿಕೆಟ್ ಬರುತ್ತೆ."

"ಕಾಶ್ಮೀರಕ್ಕೆ ಹೋಗೋ ಅಷ್ಟು ಏನಮ್ಮ ತಗೊಂಡೆ ನೀನು?"

ಶಿರೀಷಾ ನಕ್ಕಳು. ಅವಳ ನಗುವಿನಲ್ಲಿ ಮುಚ್ಚುಮರೆ ಎಂಬುದೇ ಇರಲಿಲ್ಲ. "ನಾನೆಲ್ಲಿ ತಗೊಂಡೆ? ನಮ್ಮೋರು ಯಾರು ಏನು ತಗೊಂಡ್ರೂ ನನ್ನ ಕಾರ್ಡಲ್ಲಿ ಹಾಕಿಸ್ತೀನಿ. ಅವರು ನನಗೆ ದುಡ್ಡು ಕಳಿಸ್ಬಿಡ್ತಾರೆ. ಶಾಂತಕ್ಕ ಅವರ ತೋಟದ ಡ್ರಿಪ್ ಪೈಪು, ಅವರ ಮಗಳು ಚೈತ್ರಾನ ಕಾಲೇಜ್ ಫೀಸು, ಅವೆರಡರಿಂದ್ಲೇ ಅರ್ಧದಷ್ಟು ಪಾಯಿಂಟು. ಅಕ್ಕನ ಪುಣ್ಯದಲ್ಲೇ ನಾವು ಮಂಜು ನೋಡಿದ್ದು!"

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. ಶಾಂತಕುಮಾರಿಯೂ ನಕ್ಕಳು. ನಗುತ್ತಲೇ ಸೌಟಿನ ಪಾಯಸವನ್ನು ಎಲೆಗೆ ಬಿಡುವ ಬದಲು ಒಬ್ಬರ ಪಂಚೆಯ ಮೇಲೆ ಬಿಟ್ಟಳು.

ಶಿಡ್ಲಘಟ್ಟಕ್ಕೆ ಹಿಂತಿರುಗುವಾಗ ಗಂಡ ತಿರುಮಲೇಶನ ಬೈಕಿನ ಹಿಂದೆ ಆಕೆ ಕೂತಿದ್ದಳು. ಮನೆ ಹತ್ತಿರ ಬಂದಾಗ ಒಮ್ಮೆಲೇ ಹೇಳಿದಳು, "ನಮ್ಮ ಪೈಪು ಕಣ್ರೀ. ನೀರು ಹರಿದಿದ್ದು ನಮ್ಮ ರೇಷ್ಮೆ ಸೊಪ್ಪಿನ ತೋಟಕ್ಕೆ, ಹಾರಿದ್ದು ಅವಳು."

"ಅವಳ ಕಾರ್ಡಲ್ಲಿ ತಗೊಂಡಿದ್ದಕ್ಕೆ ನಮಗೇನಾದ್ರೂ ಜಾಸ್ತಿ ಬಿತ್ತಾ?"

"ಇಲ್ಲ."

"ಮತ್ತೆ?"

ಆ 'ಮತ್ತೆ' ಕೇಳಿ ಆಕೆಯ ಹೊಟ್ಟೆ ಇನ್ನಷ್ಟು ಉರಿಯಿತು. 

ಶಾಂತಕುಮಾರಿ ಸಾದಲಿ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಗಣಿತದ ಟೀಚರು. ಆ ಮನೆತನದಲ್ಲಿ ಸಂಬಳ ತಂದ ಮೊದಲ ಸೊಸೆ. ಶಿಡ್ಲಘಟ್ಟದಿಂದ ಶಾಲೆಗೆ ಮೊದಲ ಸಲ ಸ್ಕೂಟರಿನಲ್ಲಿ ಹೋದಾಗ ದಾರಿಯ ಹಳ್ಳಿಗಳವರು ನಿಂತು ನೋಡಿದ್ದರು. ಬ್ಯಾಂಕಿನ ಕೆಲಸವಿರಲಿ, ತಾಲ್ಲೂಕು ಕಚೇರಿಯ ಅರ್ಜಿಯಿರಲಿ, "ಶಾಂತಾನ ಕೇಳಿ, ಅವಳಿಗೆ ಗೊತ್ತಿರುತ್ತೆ" ಎಂದೇ ನೆಂಟರಿಷ್ಟರು ಹೇಳುತ್ತಿದ್ದರು. ಹಿಂದೂಪುರದ ಹುಡುಗಿ ಶಿರೀಷಾ ಸೊಸೆಯಾಗಿ ಬಂದು ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಮಾತು ಮೆಲ್ಲಗೆ ದಾರಿ ಬದಲಿಸಿತು. ಈಗ ಎಲ್ಲರೂ "ಶಿರೀಷಾನ ಕೇಳಿ" ಎನ್ನುತ್ತಿದ್ದರು. ಬದಲಾದದ್ದು ಯಾವತ್ತು ಎಂದು ಶಾಂತಕುಮಾರಿಗೆ ತಿಳಿದಿರಲಿಲ್ಲ. ನಾಮಕರಣದ ದಿನ ತಿಳಿಯಿತು.

ಮುಂದಿನ ವಾರವೇ ಆಕೆ ಸಂಬಳದ ಖಾತೆಯಿದ್ದ ಬ್ಯಾಂಕಿಗೆ ಹೋಗಿ ಕಾರ್ಡಿಗೆ ಅರ್ಜಿ ಹಾಕಿದಳು. ವಿಮಾನದ ಕಂಪನಿಯ ಸದಸ್ಯತ್ವವನ್ನೂ ಮಾಡಿಕೊಂಡಳು. ಶಿರೀಷಾಗೆ ಒಂದು ಫೋನು ಮಾಡಿದ್ದರೆ ಎಲ್ಲ ತಿಳಿಯುತ್ತಿತ್ತು. ಅದೊಂದನ್ನು ಬಿಟ್ಟು ಮಿಕ್ಕ ದಾರಿಗಳನ್ನೆಲ್ಲ ಹಿಡಿದಳು. ಶಾಲೆಯಿಂದ ಬಂದು ವಿಡಿಯೋ ನೋಡುತ್ತಾ ಕೂರುವಳು. ಪೆಟ್ರೋಲಿಗೆ ಪಾಯಿಂಟಿಲ್ಲ, ಬಾಡಿಗೆಗೆ ಇಲ್ಲ, ಇಂಥ ಅಂಗಡಿಯಲ್ಲಾದರೆ ಎರಡರಷ್ಟು ಎಂದು ಒಂದೊಂದಾಗಿ ಅರ್ಥವಾಯಿತು. ಮನೆಯಲ್ಲಿ ಸಾಕಿದ್ದ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಎಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದು ಬಕಬಕ ಸೊಪ್ಪು ತಿನ್ನುವ ಹೊತ್ತಿನಲ್ಲೂ ಹೆಂಡತಿ ಫೋನು ಹಿಡಿದಿದ್ದು ಕಂಡು ತಿರುಮಲೇಶ ರೇಗಿದ, "ಹುಳ ಸಾಯ್ತವೆ ಕಣೇ, ಸೊಪ್ಪು ಹಾಕು ಬಾ!"

ತಮ್ಮೊಬ್ಬರ ಮನೆಯ ಖರ್ಚಿನಲ್ಲಿ ಪಾಯಿಂಟು ಆಮೆಯ ಹಾಗೆ ತೆವಳುತ್ತಿತ್ತು. ಆಗ ಅಮ್ಮಾಜಮ್ಮನ ಬಾಯಿಂದ ಒಂದು ಸುದ್ದಿ ಬಿತ್ತು. ಮುನಿಶಾಮಪ್ಪನವರು ಬೋರ್‌ವೆಲ್ಲಿಗೆ ಹೊಸ ಮೋಟಾರು, ಕೇಬಲ್ಲು ಎಲ್ಲ ತರುವವರಿದ್ದಾರೆ. ಭಾನುವಾರ ಶಿರೀಷಾ ಬಂದು ಕಾರ್ಡಿನಲ್ಲಿ ಕೊಡಿಸುತ್ತಾಳಂತೆ.

ಶನಿವಾರ ಬೆಳಗಿನ ಶಾಲೆ ಮುಗಿದದ್ದೇ ಶಾಂತಕುಮಾರಿ ಸ್ಕೂಟರನ್ನು ಚಿಂತಾಮಣಿಯ ಕಡೆಗೆ ತಿರುಗಿಸಿದಳು. "ನಾಳೆವರೆಗೂ ಯಾಕೆ ಚಿಕ್ಕಮಾವ, ಇವತ್ತೇ ತಗೊಂಡ್ಬಿಡಣ, ನನ್ನ ಹತ್ರಾನೂ ಕಾರ್ಡಿದೆ" ಎಂದು ಮುನಿಶಾಮಪ್ಪನವರನ್ನು ಹೊರಡಿಸಿದಳು. ಅವರಿಗೆ ಮೋಟಾರು ಬಂದರಾಯಿತು, ಯಾವ ಸೊಸೆಯ ಕಾರ್ಡಾದರೇನು! ಅಂಗಡಿಯವನು ಮಾತ್ರ, "ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಮೇಡಂ" ಎಂದ. ಚಿಕ್ಕಮಾವ ಕೇಬಲ್ಲಿನ ಸುರುಳಿ ಎಣಿಸಲು ಹೋದಾಗ ಆಕೆ ಆ ಹೆಚ್ಚಿನ ಹಣವನ್ನು ತನ್ನ ಪರ್ಸಿನಿಂದ ತೆಗೆದು ಕೊಟ್ಟಳು. ಆರನೇ ತರಗತಿಗೆ ಶೇಕಡಾವಾರು ಹೇಳಿಕೊಡುವವಳು ಆ ಪಾಯಿಂಟಿನಿಂದ ಲಾಭವೋ ನಷ್ಟವೋ ಎಂಬ ಲೆಕ್ಕವನ್ನು ಮಾತ್ರ ಮಾಡಲಿಲ್ಲ. ಮಾಡಿದರೆ ಏನು ಬರುತ್ತದೆಂದು ಗೊತ್ತಿತ್ತು.

ಮರುದಿನ ಶಿರೀಷಾಳ ಫೋನು ಬಂತು. ಜಗಳಕ್ಕೆ ಸಿದ್ಧಳಾಗಿಯೇ ಶಾಂತಕುಮಾರಿ ಎತ್ತಿದಳು.

"ಅಕ್ಕ, ನೀವೂ ಕಾರ್ಡ್ ತಗೊಂಡ್ರಂತೆ! ಒಂದು ಮಾತು ಹೇಳಬಾರದಾ? ನನ್ನ ಕಡೆಯಿಂದ ತಗೊಂಡಿದ್ರೆ ಇಬ್ಬರಿಗೂ ಬೋನಸ್ ಬರ್ತಿತ್ತಲ್ಲ. ಅಯ್ಯೋ ರಾಮ!"

ಅಷ್ಟೇ. ಕೋಪವಿಲ್ಲ, ಕೊಂಕಿಲ್ಲ. ಅವಳಿಗೆ ನೋವಾಗದಿದ್ದ ಮೇಲೆ ಚಿಂತಾಮಣಿಯ ತನಕ ಬಿಸಿಲಲ್ಲಿ ಹೋದದ್ದೇ ದಂಡ ಎನಿಸಿತು ಶಾಂತಕುಮಾರಿಗೆ.

ಅತ್ತೆಯ ಯೋಚನೆ ಹೊಳೆದದ್ದು ಆ ಸಂಜೆ. ಕದಿರಮ್ಮ ಮೊದಲಿಂದಲೂ ಹಿರಿಯ ಮಗನ ಮನೆಯಲ್ಲೇ ಇದ್ದವರು. ಹುಳಮನೆಯ ಮುಂದೆ ಕೂತು ಸೊಪ್ಪು ಹೆಚ್ಚುವಾಗ ದೇವನಹಳ್ಳಿಗೆ ಇಳಿಯುವ ವಿಮಾನಗಳು ತಲೆಯ ಮೇಲೆ ಹಾದುಹೋದರೆ ಕುಡುಗೋಲು ನಿಲ್ಲಿಸಿ ನೋಡುತ್ತಿದ್ದರು. ಶಿರೀಷಾ ನಾಲ್ಕಾರು ಸಲ ಹಾರಿದ್ದಾಳೆ, ಒಂದು ಸಲವಾದರೂ ಅತ್ತೆಯನ್ನು ಕರೆದುಕೊಂಡು ಹೋದಳೇ? ಇಲ್ಲ. ಅತ್ತೆಗೆ ಕಾಶಿ ತೋರಿಸಿದರೆ ನಾಲ್ಕು ಜನ ತಾವೇ ಹೋಲಿಸಿ ಮಾತಾಡುತ್ತಾರೆ.

"ಅತ್ತೆ, ಕಾಶಿಗೆ ಹೋಗಣ್ವಾ? ವಿಮಾನದಲ್ಲಿ."

ಕದಿರಮ್ಮ ಸೊಪ್ಪಿನ ಕಡ್ಡಿ ಕೆಳಗಿಟ್ಟು ಒಂದೇ ಮಾತು ಕೇಳಿದರು. "ಯಾವತ್ತು?"

ರಾತ್ರಿಯೊಳಗೆ ಬೀದಿಗೆಲ್ಲ ತಿಳಿಯಿತು.

ಪಾಯಿಂಟು ಹೆಚ್ಚುಕಮ್ಮಿ ಸಾಕಾಗುವ ಹೊತ್ತಿಗೆ ದಸರಾ ಹತ್ತಿರ ಬಂದಿತ್ತು. ಆದರೆ ರಜೆ ಶುರುವಾಗುವ ದಿನಗಳಲ್ಲಿ ಪಾಯಿಂಟಿಗೆ ಸೀಟೇ ಇಲ್ಲ. ಇದ್ದರೂ ಎರಡರಷ್ಟು, ಮೂರರಷ್ಟು ಕೇಳುತ್ತಿತ್ತು. ದಿನಾ ನೋಡಿದಳು, ದಿನಾ ಅದೇ ಉತ್ತರ. ಅತ್ತೆ ಆಗಲೇ ಹೊಸ ಚೀಲ ತಂದು ಸೀರೆ ಮಡಿಸಿಟ್ಟುಕೊಂಡಿದ್ದರು. ಕೊನೆಗೆ ಶಾಂತಕುಮಾರಿ ಮಹಡಿಗೆ ಹೋಗಿ, ಯಾರೂ ಇಲ್ಲವೆಂದು ನೋಡಿಕೊಂಡು, ವಾರಗಿತ್ತಿಗೆ ಫೋನು ಮಾಡಿದಳು.

"ಕಾಶಿಗಾ? ರಜೆ ಬಿಟ್ಟ ಶನಿವಾರ ಯಾಕೆ ನೋಡ್ತೀರ ಅಕ್ಕ, ಅವತ್ತು ಎಲ್ಲರೂ ಹೊರಡ್ತಾರೆ. ಹಬ್ಬ ಮುಗೀಲಿ, ಮಂಗಳವಾರ ಹೋಗಿ ಶುಕ್ರವಾರ ಬನ್ನಿ. ಇರಿ, ನಾನು ನೋಡ್ತೀನಿ." ಆ ಕಡೆ ಕೀಲಿಗಳ ಟಕಟಕ ಸದ್ದು. "ಇದೆ ನೋಡಿ, ಬೆಳಗಿನ ಫ್ಲೈಟು. ಎರಡು ಸೀಟಲ್ವಾ? ಜೊತೆಗೆ ಚೈತ್ರಾನಾ?"

"ಅಲ್ಲ, ಅತ್ತೆ."

ಟಕಟಕ ನಿಂತಿತು. "ಅತ್ತೆ ಬರ್ತೀನಿ ಅಂದ್ರಾ?"

"ಅನ್ನದೆ ಏನು? ಚೀಲ ಕಟ್ಟಿ ಕೂತಿದ್ದಾರೆ."

"ಒಳ್ಳೇದಾಯ್ತು ಬಿಡಿ," ಎಂದ ಶಿರೀಷಾ, ಪಾಯಿಂಟು ಎಷ್ಟಿದೆಯೆಂದು ಕೇಳಿ ಮತ್ತೆ ಟಕಟಕ ಕುಟ್ಟಿದಳು. "ವಾಪಸ್ ಬರೋ ಟಿಕೆಟ್ಟಿಗೆ ನಿಮ್ಮ ಪಾಯಿಂಟು ಸ್ವಲ್ಪ ಕಮ್ಮಿ ಬೀಳುತ್ತೆ. ನಾನು ಹಾಕ್ತೀನಿ ತಗೊಳ್ಳಿ, ನನ್ನ ಹತ್ರ ಸುಮ್ಮನೆ ಬಿದ್ದಿವೆ."

ಸುಮ್ಮನೆ ಬಿದ್ದಿವೆ! ತಾನು ಆರು ತಿಂಗಳು ಒಂದೊಂದೇ ಕೂಡಿಸಿದ್ದು ಅವಳ ಮನೆಯಲ್ಲಿ ಕಸದ ಹಾಗೆ ಸುಮ್ಮನೆ ಬಿದ್ದಿವೆ. "ಬೇಡಮ್ಮ" ಎಂದು ಶಾಂತಕುಮಾರಿ ಫೋನಿಟ್ಟಳು. ಬರುವಾಗಿನ ಒಂದು ಟಿಕೆಟ್ಟನ್ನು ಪೂರ್ತಿ ಹಣ ಕೊಟ್ಟೇ ಕೊಂಡಳು. ಅದನ್ನು ತಿರುಮಲೇಶನಿಗೆ ಹೇಳಲಿಲ್ಲ.

ವಿಮಾನದಲ್ಲಿ ಕದಿರಮ್ಮನಿಗೆ ಕಿಟಕಿಯ ಸೀಟು ಸಿಕ್ಕಿತು. ಮೇಲಕ್ಕೆದ್ದಾಗ ಅವರು ಹೆದರಲಿಲ್ಲ. ಹಣೆಯನ್ನು ಗಾಜಿಗೆ ಒತ್ತಿ, ಕೆಳಗೆ ಕಂಡ ಹಸಿರು ಚೌಕಗಳಲ್ಲಿ ತಮ್ಮ ತೋಟ ಹುಡುಕುತ್ತಿದ್ದರು. "ನಂದಿ ಬೆಟ್ಟ ಅದೇ ಅಲ್ವೇನೇ? ಅಷ್ಟೇ ಅಷ್ಟಾಗೋಯ್ತಲ್ಲ!" ಪಕ್ಕದ ಸೀಟಿನವರೂ ನಕ್ಕರು. ಶಾಂತಕುಮಾರಿಯ ಮನಸ್ಸು ಮಾತ್ರ ಫೋನಿನಲ್ಲಿತ್ತು. ಬಾಗಿಲು ಹಾಕುವ ಮುಂಚೆಯೇ ಅತ್ತೆಯ ಫೋಟೋವನ್ನು ಮನೆಯವರ ಗ್ರೂಪಿಗೆ ಕಳಿಸಿದ್ದಳು. ವಾರಾಣಸಿಯಲ್ಲಿ ಇಳಿದು ನೋಡಿದರೆ ಎಲ್ಲರೂ ಕೈಮುಗಿದ ಗುರುತು ಹಾಕಿದ್ದಾರೆ, ಶಿರೀಷಾ ನೋಡಿಯೂ ಏನೂ ಬರೆದಿಲ್ಲ. ಎದೆಯೊಳಗೆ ತಣ್ಣಗಾಯಿತು. ಆಮೇಲೆ ಘಾಟಿನಲ್ಲೊಂದು, ದೋಣಿಯಲ್ಲೊಂದು, ಆರತಿಯ ಹೊತ್ತಿಗೊಂದು ಫೋಟೋ ಹಾಕುತ್ತಲೇ ಹೋದಳು. ಹಾಕಿ, ಒಂದೇ ಒಂದು ಹೆಸರನ್ನು ಹುಡುಕುತ್ತಿದ್ದಳು.

"ಗಂಗಮ್ಮನ ಕಡೆ ನೋಡೇ ಶಾಂತಾ," ಎಂದರು ಕದಿರಮ್ಮ. "ಫೋನು ಊರಲ್ಲೂ ಇರುತ್ತೆ."

ಬಂದ ಮೇಲಿನ ಭಾನುವಾರ ಮನೆಯಲ್ಲಿ ಗಂಗಾಪೂಜೆ ಮಾಡಿ ನೆಂಟರಿಗೆ ಊಟ ಹಾಕಿದರು. ಕದಿರಮ್ಮ ಕಂಬಕ್ಕೊರಗಿ ವಿಮಾನದ ಕಥೆಯನ್ನು ಬಂದವರಿಗೆಲ್ಲ ಮೊದಲಿನಿಂದ ಹೇಳಿದರು. ಶಾಂತಕುಮಾರಿ ಕಾದದ್ದು ಅದಕ್ಕೇ. ಎಲ್ಲ ಕೇಳಿ ಅಮ್ಮಾಜಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಶಿರೀಷಾನ ನೋಡಿ ಶಾಂತಾನೂ ಕಲ್ತ್ಕೊಂಡ್ಲು ಬಿಡು" ಎಂದುಬಿಟ್ಟರು. ಇಷ್ಟು ಪಾಡುಪಟ್ಟದ್ದಕ್ಕೆ ಕೊನೆಗೆ ಸಿಕ್ಕಿದ ಮೆಚ್ಚುಗೆಯೂ ಶಿರೀಷಾಳ ಪಾಲಿಗೇ ಹೋಯಿತು. ಶಾಂತಕುಮಾರಿ ಖಾಲಿ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ಒಳಗೆ ಶಿರೀಷಾ ಒಬ್ಬಳೇ ಲೋಟ ಒರೆಸುತ್ತಿದ್ದಳು. ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಏನಾಯ್ತೇ?"

"ಏಮೀ ಲೇದಕ್ಕ," ಏನೂ ಇಲ್ಲ ಎಂದು ತವರಿನ ತೆಲುಗಿನಲ್ಲೇ ಅಂದಳು. ಆಮೇಲೆ ತಡೆಯಲಾಗದೆ ಹೇಳಿದಳು, "ಎರಡು ಸಲ ಕರೆದೆ ಅತ್ತೇನ. ಒಂದು ಸಲ ತಿರುಪತಿಗೆ, ಒಂದು ಸಲ ಇದೇ ಕಾಶಿಗೆ. ಕಾಶಿಗೆ ಟಿಕೆಟ್ಟೇ ಮಾಡಿದ್ದೆ. ಮಂಡಿ ನೋವು, ಆಗಲ್ಲಮ್ಮ ಅಂದ್ರು. ಕ್ಯಾನ್ಸಲ್ ಮಾಡಿದೆ. ನಿಮ್ಮ ಜೊತೆ ಹೋಗೋಕೆ ಮಂಡಿ ನೋವಿರಲಿಲ್ಲ."

ಶಾಂತಕುಮಾರಿ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು.

"ನಮ್ಮ ಮನೆಗೆ ಬಂದ್ರೆ ಮಾರನೇ ದಿನ ಬೆಳಗ್ಗೇನೇ ಬಸ್ ಎಷ್ಟೊತ್ತಿಗೆ ಅಂತ ಕೇಳ್ತಾರೆ. ನಾನು ಏನು ಮಾಡಿ ಹಾಕಿದ್ರೂ ಶಾಂತಾ ಮಾಡೋ ಬಸ್ಸಾರು, ಶಾಂತಾ ಮಾಡೋ ಮುದ್ದೆ. ಅತ್ತೆ ಕಿಟಕಿ ಹತ್ರ ಕೂತಿರೋ ಫೋಟೋ ಹಾಕಿದ್ರಲ್ಲ, ಅವತ್ತು ನನಗೆ ಊಟ ಸೇರಲಿಲ್ಲ ಅಕ್ಕ. ಹೊಟ್ಟೆ ಉರೀತು. ನಿಮಗೆ ಸಿಟ್ಟು ಬಂದ್ರೂ ಸರಿ, ಇರೋದು ಹೇಳಿದೀನಿ."

ಶಾಂತಕುಮಾರಿಯ ಮನಸ್ಸಿಗೆ ಮೊದಲು ಬಂದದ್ದು ಕರುಣೆಯಲ್ಲ. ಬೆಲ್ಲದ ಪಾಕದಂಥ ಒಂದು ಸಂತೋಷ ನಾಲಿಗೆಯ ಬುಡದಿಂದ ಇಳಿಯಿತು. ಇಷ್ಟು ದಿನ ಅವಳನ್ನು ನೋಡಿ ತಾನು ಬೆಂದದ್ದಕ್ಕೆ, ತನ್ನನ್ನು ನೋಡಿ ಬೇಯುವವಳೂ ಅವಳೇ ಆಗಿದ್ದಳು! ಆದರೆ ಆ ಸಿಹಿ ನಿಲ್ಲಲಿಲ್ಲ. ಊಟ ಸೇರದ ದಿನ ಎಂಥದ್ದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆ ಉರಿಯಿತು ಎಂದು ಇನ್ನೊಬ್ಬರ ಎದುರಿಗೆ ಹೀಗೆ ಬಾಯಿ ಬಿಟ್ಟು ಹೇಳುವ ಧೈರ್ಯ ತನಗಿಲ್ಲವಲ್ಲ ಎಂದು, ಅದಕ್ಕೂ ಒಂದಿಷ್ಟು ಉರಿಯಿತು.

ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡು ಹೇಳಿದಳು, "ಮುಂದಿನ ಸಲ ಮೂರೂ ಜನ ಹೋಗಣ. ನಾನು ಕರ್ದ್ರೆ ಅತ್ತೆ ಬರ್ತಾರೆ. ಟಿಕೆಟ್ ನೀನು ಮಾಡು."

ಅಂದ ಮೇಲೆ, ಸೀಟು ಸಿಗದೇ ಇದ್ದರೆ ಒಳ್ಳೆಯದು ಎಂದೂ ಒಂದು ಗಳಿಗೆ ಅನಿಸಿತು.

ಸೀಟು ಸಿಕ್ಕಿತು. ಬೇಸಿಗೆ ರಜೆಯಲ್ಲಿ ಇಬ್ಬರ ಪಾಯಿಂಟನ್ನೂ ಸೇರಿಸಿ ಶಿರೀಷಾ ಪುರಿಯ ಯಾತ್ರೆಗೆಂದು ಭುವನೇಶ್ವರಕ್ಕೆ ಮೂರು ಟಿಕೆಟ್ ಮಾಡಿದಳು. ಕಿಟಕಿಯ ಬಳಿ ಕದಿರಮ್ಮ ಕೂತರು. ನಡುವಿನ ಸೀಟಿಗೆ ಹೋಗಬೇಕಾದ ಶಾಂತಕುಮಾರಿ ಒಂದು ಕ್ಷಣ ನಿಂತು, "ನೀನು ಕೂತ್ಕೋ ಹೋಗೇ" ಎಂದು ಶಿರೀಷಾಳನ್ನು ಒಳಗೆ ಬಿಟ್ಟು ತಾನು ಈಚೆ ಕೂತಳು. ಕದಿರಮ್ಮನ ತವರು ಬಾಗೇಪಲ್ಲಿ ಕಡೆಯ ತೆಲುಗಿನ ಊರು. ವಿಮಾನ ಮೋಡ ದಾಟುವಷ್ಟರಲ್ಲಿ ಅತ್ತೆ ಕಿರಿಯ ಸೊಸೆಯೊಡನೆ ತೆಲುಗಿನಲ್ಲಿ ಮಾತಿಗಿಳಿದಿದ್ದರು. ತಮ್ಮ ತಾಯಿಯ ಮಾತೋ, ಹುಡುಗಿಯಾಗಿದ್ದಾಗಿನ ಮಾತೋ, ಹೇಳಿ ಹೇಳಿ ಇಬ್ಬರೂ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅತ್ತೆ ಹೀಗೆ ನಕ್ಕದ್ದನ್ನು ಶಾಂತಕುಮಾರಿ ಕಂಡಿರಲಿಲ್ಲ. ಆಕೆಗೂ ತೆಲುಗು ಬರುತ್ತಿತ್ತು, ಆದರೆ ಎಂಜಿನ್ನಿನ ಮೊರೆತದಲ್ಲಿ ಒಂದು ಮಾತೂ ಹಿಡಿತಕ್ಕೆ ಸಿಗಲಿಲ್ಲ. ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಒರಗಿದಳು. ತುಸು ಹೊತ್ತಿಗೆ ಕಣ್ಣು ತೆರೆದು, ಶಿರೀಷಾಳ ಭುಜದ ಮೇಲಿಂದ ಬಗ್ಗಿ ಕೇಳಿದಳು:

"ಏನತ್ತೆ ಅದು? ನನಗೂ ಹೇಳಿ."