ಬೇಡ ಎಂದರೆ ಬೇಡವೇ

ವಿಟ್ಲದ ಸದಾನಂದರು ಸ್ವಿಟ್ಜರ್ಲೆಂಡಿಗೆ ಹೊರಟಿದ್ದಾರೆ. ಹೊಸ ಸೂಟ್‌ಕೇಸಿನ ವಾಸನೆಯನ್ನು ಅಂಗಿಗೆ ಅಂಟಿಸಿಕೊಂಡೇ ಮೊನ್ನೆ ಬಂದು, "ಅಲ್ಲಿಯ ರೀತಿರಿವಾಜು ಎಂತೆಂತ ಉಂಟು, ಸ್ವಲ್ಪ ಹೇಳಿ ಟೀಚರ್" ಎಂದರು. ಒಮ್ಮೆ ಹೋಗಿಬಂದವಳು ನಾನು, ಕೇಳಬೇಕೆ? ಅಂಗಡಿಗೆ ಕಾಲಿಟ್ಟೊಡನೆ ನಮಸ್ಕಾರ ಹೇಳಬೇಕು, ಅದೂ ಆಯಾ ಸೀಮೆಯ ಭಾಷೆಯಲ್ಲಿ; ರೈಲಿನಲ್ಲಿ ಮೆಲ್ಲಗೆ ಮಾತಾಡಬೇಕು; ಕರೆದ ಹೊತ್ತಿಗೆ ಐದು ನಿಮಿಷವೂ ತಡವಾಗಬಾರದು. ಎಲ್ಲ ಬರೆಸಿದೆ. ಒಂದನ್ನು ಮಾತ್ರ ಹೇಳಲು ನಾಚಿಕೆಯಾಯಿತು. ನಿಮಗಾದರೆ ಹೇಳಬಹುದು.

ಮಾರ್ಥಾ ಎಂಬ ಅಲ್ಲಿಯ ಹೆಂಗಸು ಹಿಂದೊಮ್ಮೆ ಮೂಡುಬಿದಿರೆಯ ಬಸದಿಯ ಕಂಬಗಳ ಚಿತ್ರ ಬರೆಯಲು ಬಂದು ನಮ್ಮ ಮನೆಯಲ್ಲಿ ಒಂದು ವಾರ ಉಳಿದಿದ್ದಳು. ಆ ಗುರುತಿನಿಂದ, ನಾನೂ ಅಕ್ಕನೂ ಅವಳ ಊರಿಗೆ ಹೋದಾಗ ಊಟಕ್ಕೆ ಕರೆದಳು. ಅಕ್ಕನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಂಡಳು. ಮಾರ್ಥಾ ಒಂದೇ ಒಂದು ಬಟಾಟೆ, ಮೇಲೊಂದಿಷ್ಟು ಚೀಸ್ ಬಡಿಸಿ, ಇಂಗ್ಲಿಷಿನಲ್ಲಿ "ಇನ್ನೂ ಬೇಕೇ?" ಎಂದು ಕೇಳಿದಳು. ಅಕ್ಕ "ನೋ, ನೋ" ಎನ್ನುತ್ತ ತಟ್ಟೆಗೆ ಕೈ ಅಡ್ಡ ಹಿಡಿದಳು. ನಾನೂ ಹಿಡಿದೆ. ಮಾರ್ಥಾ ಪಾತ್ರೆಯನ್ನು ಒಳಗಿಟ್ಟು ಬಂದುಬಿಟ್ಟಳು!

ನಮ್ಮಲ್ಲಿ ತುಳುವಿನ 'ಬೊಡ್ಚಿ', ಕೊಂಕಣಿಯ 'ನಾಕಾ', ಕನ್ನಡದ 'ಬೇಡ' ಎಲ್ಲ ಉಂಟು. ಊಟದೆಲೆಯ ಮುಂದೆ ಒಂದಕ್ಕೂ ಬೇಡವೆಂಬ ಅರ್ಥವಿಲ್ಲ. ಅವರ ದೇಶಕ್ಕೆ ನಾಲ್ಕು ಭಾಷೆ. ನಾಲ್ಕರಲ್ಲೂ ಬೇಡ ಎಂದರೆ ಬೇಡ.

ಅರ್ಧ ಗಂಟೆಯಲ್ಲಿ ಸಕ್ಕರೆ ತೀರಾ ಇಳಿದು ಅಕ್ಕ ಬೆವರಿದಳು, ಕೈ ನಡುಗಿತು. "ಕಣ್ಣು ಕತ್ತಲೆ ಬರ್ತದೆ ಮಾರಾಯ್ತಿ" ಎಂದು ನನ್ನ ಮೇಲೆ ಒರಗಿದಳು. ಮಾರ್ಥಾ ಓಡಿಹೋಗಿ ಹಣ್ಣಿನ ರಸ ತಂದು ಕುಡಿಸಿದಳು. ಅಕ್ಕ ಚೇತರಿಸಿಕೊಂಡ ಮೇಲೆ ಮಾರ್ಥಾ, "ಹಸಿವಿದ್ದರೂ ಬೇಡ ಎಂದದ್ದೇಕೆ?" ಎಂದು ನನ್ನನ್ನು ಕೇಳಿದಳು.

"ನಮ್ಮಲ್ಲಿ ಮೂರು ಸಲ ಒತ್ತಾಯ ಮಾಡ್ತಾರೆ. ಮೊದಲನೇ ಸಲಕ್ಕೇ ಒಪ್ಪಿದರೆ ಹೊಟ್ಟೆಬಾಕಿ ಅಂತ ಲೆಕ್ಕ" ಎಂದು ನಕ್ಕೆ.

ಅವಳು ನಗಲಿಲ್ಲ. "ನಿಮ್ಮ ಮನೆಯಲ್ಲಿ ನಾನು ನಿಜವಾಗಿಯೂ ಬೇಡ ಎಂದಿದ್ದೆ. ದಿನಾಲೂ. ಊಟವಾದ ಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡುತ್ತಿದ್ದೆ. ನನ್ನ ಮಾತು ಇಲ್ಲಿ ಯಾರಿಗೂ ಕೇಳಿಸುವುದಿಲ್ಲವಲ್ಲ ಎಂದು ಅಳು ಬರುತ್ತಿತ್ತು."

ಆ ವಾರವಿಡೀ ಬಡಿಸಿದವಳು ನಾನು. ಫಾರಿನ್ ಹೆಂಗಸು ನನ್ನ ಕೈಯಡುಗೆಗೆ ಮರುಳಾದಳೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳೂ ನಾನೇ.

ನಿನ್ನೆ ಅಕ್ಕ ಬೆಳ್ತಂಗಡಿಯಿಂದ ತನ್ನ ಹೊಸ ಸೊಸೆಯನ್ನು ಕರೆತಂದಿದ್ದಳು. ಎರಡನೆಯ ಸಲ ಪಾಯಸ ತಂದಾಗ ಹುಡುಗಿ "ಬೇಡ ಚಿಕ್ಕಮ್ಮ" ಎಂದಳು.

"ಹಾಕು ಹಾಕು, ಅವಳಿಗೆ ನಾಚಿಕೆ" ಎಂದಳು ಅಕ್ಕ.

ನಾನು ಸೌಟು ಹಿಂದಕ್ಕೆ ತೆಗೆದೆ. ಅಕ್ಕನ ಮುಖ ದಪ್ಪವಾಯಿತು. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿದ್ದುದು ಸಮಾಧಾನವೋ ನಿರಾಶೆಯೋ, ನನಗೆ ತಿಳಿಯಲಿಲ್ಲ. ಆದರೂ ಒಳಗೆ ಹೋಗಿ ಪಾತ್ರೆ ಮುಚ್ಚಿಟ್ಟೆ.