ಮೈಕ್ ಟೆಸ್ಟಿಂಗ್ ಹೊತ್ತಿನ ಹಾಡು

ನಮ್ಮ ಬ್ಯಾಂಡಿಗೆ ಒಂದು ಇಂಗ್ಲಿಷ್ ಹೆಸರಿತ್ತು. ಅದನ್ನಿಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ನಗುತ್ತಾರೆ, ನಾನೂ ನಗುತ್ತೇನೆ, ಆಮೇಲೆ ಉಳಿದದ್ದೆಲ್ಲ ಹುಡುಗಾಟಿಕೆಯ ಕತೆಯಾಗಿಬಿಡುತ್ತದೆ. ಹಾಗೆ ಮಾಡಿ ಎಷ್ಟೋ ಸಲ ತಪ್ಪಿಸಿಕೊಂಡಿದ್ದೇನೆ.

ಬ್ಯಾಂಡಿನ ಇತಿಹಾಸಕ್ಕೆ ನಾಲ್ಕು ಸಾಲು ಸಾಕು. ತೊಂಬತ್ತರ ದಶಕದ ನಡುವೆ ನಂಜನಗೂಡಿನಲ್ಲಿ ಶುರುವಾಯಿತು. ನಾಲ್ಕು ಜನ, ಒಂಬತ್ತು ಸ್ವಂತ ಹಾಡು, ಒಂದು ಕ್ಯಾಸೆಟ್. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲಕ್ಕೆ ನಿಂತುಹೋಯಿತು. ಯಾಕೆ ನಿಂತಿತು ಎಂದು ಕೇಳಿದವರಿಗೆ ನನ್ನ ಹತ್ತಿರ ಒಂದು ಚೆಂದದ ಉತ್ತರ ಸಿದ್ಧವಿರುತ್ತಿತ್ತು: ಕೀಬೋರ್ಡ್ ಬಂತು, ಅದರೊಳಗೇ ಡ್ರಮ್ಸ್ ಬಂತು, ನಮ್ಮ ಡ್ರಮ್ಮರ್ ಬಿಟ್ಟುಹೋದ. ಮೂರೂ ನಿಜ. ನಡೆದ ಕ್ರಮ ಮಾತ್ರ ಅದಲ್ಲ. ಡ್ರಮ್ಮರ್ ಮೊದಲು ಹೋದ. ಕೀಬೋರ್ಡ್ ಬಂದದ್ದು ಆಮೇಲೆ.

ಅಭ್ಯಾಸ ನಡೆಯುತ್ತಿದ್ದದ್ದು ನಮ್ಮಪ್ಪನ ಬೂಸಾ ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಭಾನುವಾರದ ರಜೆಯಲ್ಲಿ. ಮೂರು ಗೋಡೆಗೂ ಸೂರಿನವರೆಗೆ ಬೂಸಾ, ಹಿಂಡಿ ಮೂಟೆಗಳು. ಗಿಟಾರ್ ನನ್ನದು, ಹಾಡು ಬರೆಯುವವನೂ ನಾನೇ. ಹಾಡುವವನು ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ. ಬಾಸ್ ಗಿಟಾರಿನವನು ಬ್ಯಾಂಕಿನ ಗುಮಾಸ್ತ. ಆಗಲೂ ಮಾತಾಡುತ್ತಿರಲಿಲ್ಲ, ಇಲ್ಲಿಯೂ ಮಾತಾಡುವುದಿಲ್ಲ. ಡ್ರಮ್ಮರ್ ಹುಲ್ಲಹಳ್ಳಿ ರಸ್ತೆಯ ಒಂದು ಹಳ್ಳಿಯವನು, ಕಾಲೇಜಿನಲ್ಲಿ ನನ್ನ ಬೆಂಚಿನವನು. ಹಳೆಯ ಡ್ರಮ್ ಸೆಟ್ಟೊಂದನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ತಂದ ದಿನ, ಅದನ್ನು ಜೋಡಿಸಿ, ಹಿಂದಿನ ಸ್ಟೂಲಿನ ಮೇಲೆ ಕೂತು, ಏನೂ ಬಾರಿಸದೆ ಸುಮ್ಮನಿದ್ದ.

"ಬಾರ್ಸ್ಲಾ," ಎಂದ ಹಾಡುವವನು.

"ತಡೀಲಾ, ಕೂತ್ಕಂಡಿವ್ನಿ."

ಆಗ ಅದು ತಮಾಷೆಯಾಗಿ ಕೇಳಿತ್ತು.

ಮೂಟೆಗಳು ಸದ್ದನ್ನು ನುಂಗಿಕೊಳ್ಳುತ್ತಿದ್ದವು. ನಾವು ಎಷ್ಟು ಜೋರಾಗಿ ಬಾರಿಸಿದರೂ ಅದು ಪಕ್ಕದ ಬೀದಿಯಲ್ಲಿ ಯಾರೋ ಬಾರಿಸಿದಂತೆ ಕೇಳುತ್ತಿತ್ತು. ಹಾಗಾಗಿ ಇನ್ನೂ ಜೋರಾಗಿ ಬಾರಿಸುತ್ತಿದ್ದೆವು. "ನೀವ್ ಬಂದ್ಮೇಲೆ ಇಲಿ ಕಾಟ ತಪ್ತು ಕಣ್ರಪ್ಪಾ," ಎಂದು ನಮ್ಮಪ್ಪ ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದರು. ಒಂದು ಭಾನುವಾರ ಡ್ರಮ್ಮರ್ ಬೇಜಾರಿಗೆ ಒಂದು ಎಣ್ಣೆ ಡಬ್ಬದ ಮುಚ್ಚಳವನ್ನು ಎದೆಗೆ ಒತ್ತಿ ಹಿಡಿದುಕೊಂಡು, ಬಲಗೈಯಲ್ಲಿ ದಪ್ಪ ಕಡ್ಡಿ, ಎಡಗೈಯಲ್ಲಿ ಪೊರಕೆ ಕಡ್ಡಿ ಹಿಡಿದು ಒಂದು ಬಡಿತ ಬಡಿದ. ನಾವು ಮೂವರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆವು. ನಮ್ಮ ಮುಖ ನೋಡಿ ಅವನು ನಿಲ್ಲಿಸಿದ. ಮುಚ್ಚಳವನ್ನು ಮತ್ತೆ ಡಬ್ಬಕ್ಕೆ ಹಾಕಿ, ಒತ್ತಿ, ಸರಿಯಾಗಿ ಕೂತಿತೇ ಎಂದು ನೋಡಿದ.

ಸ್ವಂತ ಹಾಡಿಗೆ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ಕರೆಯುತ್ತಿದ್ದದ್ದು ಆರ್ಕೆಸ್ಟ್ರಾಕ್ಕೆ: ಗಣಪತಿ ಪೆಂಡಾಲು, ಮದುವೆಯ ಆರತಕ್ಷತೆ, ಕವಲಂದೆಯಲ್ಲೊಮ್ಮೆ ಶಾಲೆಯ ವಾರ್ಷಿಕೋತ್ಸವ. ಅಲ್ಲಿ ಸಿನಿಮಾ ಹಾಡು ಮಾತ್ರ. ಜನ ಬೇಕಾದ ಹಾಡಿನ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು, ನಾವು ನುಡಿಸುತ್ತಿದ್ದೆವು. ಒಂದು ಸಲ ನಡುವೆ ನಮ್ಮದೊಂದನ್ನು ತೂರಿಸಿದಾಗ ಬಂದ ಚೀಟಿಯಲ್ಲಿ ಹೀಗಿತ್ತು: "ಹಾಡು ಯಾವಾಗ ಶುರು ಮಾಡ್ತೀರಿ?" ಅಂದಿನಿಂದ ನಮ್ಮ ಹಾಡುಗಳಿಗೆ ಉಳಿದ ಜಾಗ ಮೈಕ್ ಟೆಸ್ಟಿಂಗ್ ಒಂದೇ. ಮಧ್ಯಾಹ್ನ ಮೂರೋ ನಾಲ್ಕೋ ಗಂಟೆಗೆ, ಕುರ್ಚಿಗಳನ್ನು ಇನ್ನೂ ಲಾರಿಯಿಂದ ಇಳಿಸುತ್ತಿರುವಾಗ, "ಹಲೋ ಹಲೋ, ಚೆಕ್ ಚೆಕ್" ಆದ ಮೇಲೆ ಹತ್ತು ನಿಮಿಷ ನಾವು ಏನು ಬೇಕಾದರೂ ನುಡಿಸಬಹುದಿತ್ತು. ಖಾಲಿ ಬಯಲಿಗೆ, ಪೆಂಡಾಲಿನ ಕಂಬಕ್ಕೆ ಒರಗಿದ ಮುದುಕರಿಗೆ, ನಾಯಿಗಳಿಗೆ. ನಮ್ಮ ಒಂಬತ್ತು ಹಾಡುಗಳೂ ಬದುಕಿದ್ದು ಆ ಹತ್ತು ನಿಮಿಷಗಳಲ್ಲಿ.

ತಮಟೆಯ ವಿಷಯವನ್ನು ಡ್ರಮ್ಮರ್ ನನಗೊಬ್ಬನಿಗೇ ಹೇಳಿದ್ದ, ಬಸ್ಸಿನಲ್ಲಿ, ಕಿಟಕಿಯಾಚೆ ನೋಡುತ್ತ. ಸಾವಾದರೆ, ಊರಿನಲ್ಲಿ ಸಾರಬೇಕಾದರೆ, ದೇವರು ಹೊರಟರೆ, ಮುಂದೆ ನಡೆದು ಬಾರಿಸಬೇಕಾದವರು ಅವನ ಮನೆಯವರು. ಅವನು ಚಿಕ್ಕವನಿದ್ದಾಗ ಅವರ ಬೀದಿಯವರೆಲ್ಲ ಕೂತು, ಇನ್ನು ಯಾರೂ ಬಾರಿಸಕೂಡದು ಎಂದು ತೀರ್ಮಾನ ಮಾಡಿದರು. ಆ ವರ್ಷ ಊರಿನವರು ಅವರನ್ನು ಕೂಲಿಗೆ ಕರೆಯಲಿಲ್ಲ. ಆದರೂ ಅವನ ಅಪ್ಪ ಮತ್ತೆ ಮುಟ್ಟಲಿಲ್ಲ.

"ಡ್ರಮ್ಸ್ ಆದ್ರೆ ಕೂತ್ಕಂಡು ಬಾರಿಸ್ಬೋದು ಕಣ್ಲಾ," ಎಂದ. "ಬೇರೆಯೋರು ನಿಂತ್ಕಂಡು ಕೇಳ್ತಾರೆ."

ಇದು ನನಗೆ ಗೊತ್ತಿತ್ತು. ಮುಂದಿನದನ್ನು ಗೊತ್ತಿಲ್ಲದವನು ಮಾಡಿದಂತೆ ಬರೆಯಲು ಆಗುವುದಿಲ್ಲ.

ಮೈಸೂರಿನಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದವನೊಬ್ಬ ಒಮ್ಮೆ ನಮ್ಮ ಮೈಕ್ ಟೆಸ್ಟಿಂಗ್ ಕೇಳಿಸಿಕೊಂಡ. ಕ್ಯಾಸೆಟ್ ಮಾಡೋಣ ಎಂದ. ಆದರೆ, "ಡ್ರಮ್ಸು ಎಲ್ಲಾರ್ ಥರಾನೇ ಇದೆ ಕಣ್ರೀ. ತಮಟೆ ಗಿಮಟೆ ಹಾಕಿ, ಆಗ ಕೇಳ್ತಾರೆ. ನಂಗೆ ಕೇಳ್ಸೋಕೆ ಒಂದ್ ಹಾಡು ರೆಕಾರ್ಡ್ ಮಾಡ್ಕೊಂಡು ಬನ್ನಿ." ತಮಟೆ ಎಂದವನು ಅವನು. ಈ ವಾಕ್ಯವನ್ನು ನಾನು ವರ್ಷಗಟ್ಟಲೆ ಹಿಡಿದುಕೊಂಡಿದ್ದೆ. ಅವನು ಅಂದದ್ದು ಅಷ್ಟೇ. ಹುಲ್ಲಹಳ್ಳಿ ಬಸ್ಸು ಹತ್ತಿ ಡ್ರಮ್ಮರನ ಮನೆಗೆ ಹೋದವನು ನಾನು.

ಅವನ ತಾಯಿ ಚಾಪೆ ಕೊಡವಿ ಹಾಸಿದರು. "ಬನ್ನಿ ಬುದ್ದಿ, ಕೂತ್ಕಳಿ."

"ಅವ್ವಾ, ಬುದ್ದಿ ಗಿದ್ದಿ ಅನ್ಬ್ಯಾಡ ಅಂತ ಏಟ್ ಸತಿ ಯೋಳ್ಲಿ? ನನ್ ಜೊತೆ ಓದ್ದೋನು, ಅಷ್ಟೇಯ."

ನಾನು ವಿಷಯ ತೆಗೆದೆ. ಇದು ಸಾವಿಗೆ ಬಾರಿಸುವುದಲ್ಲ, ಸ್ಟೇಜಿನ ಮೇಲೆ, ನಮ್ಮ ಹಾಡಿಗೆ ಎಂದೆ. ಕಲೆ ಎಂಬ ಮಾತನ್ನೂ ಬಳಸಿದೆ.

"ಸ್ಟೇಜ್ ಮುಗುದ್ ಮೇಲೆ ಕೆಳಕ್ ಇಳೀಬೇಕಲ್ಲ," ಎಂದ ಅವನು. ಆಮೇಲೆ, "ಒಂದ್ ಕೆಲ್ಸ ಮಾಡು. ನಾನು ಗಿಟಾರ್ ಇಡ್ಕತೀನಿ. ನೀನು ತಮಟೆ ಬಾರ್ಸು."

ನಾನು ನಕ್ಕೆ. ಅವನು ನಗಲಿಲ್ಲ. ಅವನ ತಾಯಿಯೂ ನಗಲಿಲ್ಲ.

ಆಗ ನಾನು ಮಾತು ಕೊಟ್ಟೆ. ಒಂದೇ ಹಾಡು, ಒಂದೇ ಸಲ, ಕ್ಯಾಸೆಟ್ಟಿಗೆ ಮಾತ್ರ, ಜನ ಸೇರುವ ಮುಂಚೆ, ಮೈಕ್ ಟೆಸ್ಟಿಂಗ್ ಹೊತ್ತಿನಲ್ಲಿ. ಅದು ಬಿಟ್ಟು ಎಲ್ಲಿಯೂ ಬಾರಿಸಬೇಕಾಗಿಲ್ಲ, ನಾನು ನೋಡಿಕೊಳ್ಳುತ್ತೇನೆ. "ನೋಡ್ಕತೀಯಾ?" ಎಂದು ಕೇಳಿದ. "ನೋಡ್ಕತೀನಿ ಕಣ್ಲಾ."

ಅವನ ಅಪ್ಪ ಅಷ್ಟೂ ಹೊತ್ತು ಹೊಸ್ತಿಲ ಹತ್ತಿರ ಕೂತಿದ್ದರು. ಎದ್ದು ಅಟ್ಟಕ್ಕೆ ಕೈ ಹಾಕಿ, ಗೋಣಿಯಲ್ಲಿ ಸುತ್ತಿಟ್ಟಿದ್ದ ತಮಟೆಯನ್ನು ತೆಗೆದು ಮಗನ ಮುಂದಿಟ್ಟು ಹೊರಗೆ ಹೋದರು. ಇದನ್ನು ಮೊದಲು ಬರೆದಾಗ "ಅವರ ಕಣ್ಣಲ್ಲಿ ಹೆಮ್ಮೆಯಿತ್ತು" ಎಂದು ಸೇರಿಸಿದ್ದೆ. ಹೊಡೆದುಹಾಕಿದ್ದೇನೆ. ನಾನು ಅವರ ಮುಖ ನೋಡಿರಲೇ ಇಲ್ಲ.

ನರಸೀಪುರದಲ್ಲಿ ಗಣಪತಿ ಬಿಡುವ ದಿನ ನಮ್ಮ ಕಾರ್ಯಕ್ರಮವಿತ್ತು. ಮೆರವಣಿಗೆ ಸಂಜೆಗೆ ಮುಂಚೆಯೇ ಹೊರಟು ಹೊಳೆಗೆ ಹೋಗುವುದು, ಅದು ಮುಗಿದ ಮೇಲೆ ಆರ್ಕೆಸ್ಟ್ರಾ. ಸೌಂಡ್ ಸಿಸ್ಟಮ್ಮಿನವನ ಹತ್ತಿರ ಕ್ಯಾಸೆಟ್ ಡೆಕ್ ಇತ್ತು. ನಾಲ್ಕು ಗಂಟೆಗೆ ಮೈಕ್ ಟೆಸ್ಟಿಂಗಿನಲ್ಲಿ ರೆಕಾರ್ಡ್ ಮಾಡಿಕೊಡುತ್ತೇನೆ ಎಂದಿದ್ದ. ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಬೇಕು. ಸ್ಟೇಜಿನ ಹಿಂದೆ ಡ್ರಮ್ಮರ್ ಅದನ್ನು ಕಾಯಿಸುತ್ತಿದ್ದದ್ದು ನೆನಪಿದೆ. ಜನ ಕಳಿಸಿದ ಚೀಟಿಗಳನ್ನು ಉರಿಸಿ ಕಾಯಿಸಿದೆವು ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಕೇಳಿದವರು ತಲೆದೂಗಿದ್ದಾರೆ. ಆದರೆ ನಾಲ್ಕು ಗಂಟೆಗೆ ಆರ್ಕೆಸ್ಟ್ರಾ ಕೇಳುವ ಜನ ಎಲ್ಲಿ ಬಂದಿದ್ದರು, ಚೀಟಿ ಎಲ್ಲಿಂದ ಬರಬೇಕು? ಹುಲ್ಲೋ ರಟ್ಟಿನ ಪೆಟ್ಟಿಗೆಯೋ ಇರಬೇಕು. ಚೀಟಿಯನ್ನು ನಾನು ಆಮೇಲೆ ಸೇರಿಸಿದೆ.

ಡ್ರಮ್ಮರ್ ಕುರ್ಚಿ ಕೇಳಿದ. ಸೌಂಡಿನವನು, "ತಮಟೆನ ನಿಂತ್ಕಂಡ್ ಬಾರಿಸ್ಬೇಕು ಕಣಯ್ಯ, ಕೂತ್ರೆ ಮೈಕ್ ಎಟುಕಾಕಿಲ್ಲ," ಎಂದ. ಅವನು ನನ್ನ ಕಡೆ ನೋಡಿದ. ನಾನು ಗಿಟಾರ್ ತಂತಿ ಬಿಗಿ ಮಾಡುತ್ತಿದ್ದೆ. ಅವನು ನಿಂತ.

ಹಾಡು ಚೆನ್ನಾಗಿ ಬಂತು. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಮುಗಿದ ಕೂಡಲೇ ಗಣಪತಿ ಸಮಿತಿಯ ಹಿರಿಯರೊಬ್ಬರು ಸ್ಟೇಜಿನ ಮುಂದೆ ಬಂದರು. ಮೆರವಣಿಗೆಗೆ ಹೇಳಿದ್ದ ಬ್ಯಾಂಡ್‌ಸೆಟ್‌ನವರು ಇನ್ನೂ ಬಂದಿರಲಿಲ್ಲ, ಟ್ರ್ಯಾಕ್ಟರ್ ಮೇಲೆ ಗಣಪತಿ ಕಾಯುತ್ತಿತ್ತು. ತಮಟೆಯ ಸದ್ದು ಅವರಿಗೆ ಕೇಳಿಸಿತ್ತು. ಮೆರವಣಿಗೆಯ ಮುಂದೆ ಸರ್ಕಲ್‌ವರೆಗೆ ಬಾರಿಸಿಕೊಂಡು ಹೋಗು ಎಂದು ಡ್ರಮ್ಮರನಿಗೆ ಹೇಳಿದರು. ಅವನು ಹೋದ. ಹೋಗಿ, ಬಂದು, ಆ ಸಂಜೆ ಡ್ರಮ್ ಸೆಟ್ಟಿನ ಹಿಂದೆ ಕೂತು ಇಡೀ ಕಾರ್ಯಕ್ರಮವನ್ನು ಒಂದು ಏಟೂ ತಪ್ಪದೆ ಬಾರಿಸಿದ. ಮುಂದಿನ ಭಾನುವಾರ ಗೋಡೌನಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಒಂದು ಸೋಮವಾರ, ನಾನು ಇಲ್ಲದ ಹೊತ್ತಿನಲ್ಲಿ, ಆಟೋ ತಂದು ಡ್ರಮ್ಸ್ ಹೇರಿಕೊಂಡು ಹೋದನಂತೆ. "ಜಗಳ ಗಿಗಳ ಆಡಿದ್ರೇನೋ?" ಎಂದು ನಮ್ಮಪ್ಪ ಕೇಳಿದರು. ಇಲ್ಲ ಎಂದೆ. ಅದು ನಿಜವೇ.

ಆ ಹಾಡಿಗೆ ಸ್ಟುಡಿಯೊದವನು ಎಕೋ ಗಿಕೋ ಸೇರಿಸಿದ, ಕ್ಯಾಸೆಟ್ ಬಂತು. ಮೈಸೂರಿನ ಹಾಸ್ಟೆಲ್ಲುಗಳಲ್ಲಿ ಕೆಲವರು ಕೇಳಿದರು. ಸಿಕ್ಕಿದವರೆಲ್ಲ ತಮಟೆ ಚೆನ್ನಾಗಿದೆ ಎಂದರು. ನಾವು ಕೀಬೋರ್ಡಿನ ರಿದಮ್ ಹಾಕಿಕೊಂಡು ಇನ್ನಷ್ಟು ವರ್ಷ ಆರ್ಕೆಸ್ಟ್ರಾ ಮಾಡಿದೆವು. ಬಾಸಿನವನಿಗೆ ವರ್ಗವಾಯಿತು. ಆಮೇಲೆ ಸೀಡಿ ಹಾಕಿಕೊಂಡು ಒಬ್ಬನೇ ನಿಂತು ಹಾಡುವವರು ಬಂದರು, ನಮ್ಮನ್ನು ಕರೆಯುವುದು ನಿಂತಿತು. ಸ್ವಂತ ಹಾಡು ಆಮೇಲೆ ಒಂದನ್ನೂ ನಾನು ಬರೆಯಲಿಲ್ಲ.

ಕೆಲವು ವರ್ಷ ಕಳೆದು ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಡ್ರಮ್ಮರ್ ಸಿಕ್ಕ. ಸರ್ಕಾರಿ ಕೆಲಸದಲ್ಲಿದ್ದ, ಊರಿನಿಂದಲೇ ಓಡಾಡುತ್ತಿದ್ದ. ಹೆಗಲ ಮೇಲೆ ಮಗಳು ಮಲಗಿದ್ದಳು. ಚೆನ್ನಾಗಿಯೇ ಮಾತಾಡಿದ. ಬಸ್ಸು ಬಂದಾಗ ಕೇಳಿದ:

"ಆ ನರಸೀಪುರದ ಕ್ಯಾಸೆಟ್ಟು ಅದಾ ನಿನ್ ತವು? ಅಂಗ್ಡೀಲಿ ಬಂದದ್ದಲ್ಲ, ಅವತ್ತು ಸೌಂಡಿನೋನು ಇಡ್ದಿದ್ದು."

"ಯಾಕ್ಲಾ?"

"ಅಪ್ಪ ಓಗ್ಬುಟ್ರು. ಅವರ ತಮಟೆ ಸದ್ದು ಇದ್ದಂಗೇ ಇರೋದು ಅದ್ರಲ್ಲೊಂದೇಯ."

"ಎಲ್ಲೋ ಕಳ್ದೋಯ್ತು ಕಣ್ಲಾ," ಎಂದೆ. ಕ್ಯಾಸೆಟ್ ನಮ್ಮ ಮನೆಯ ಬೀರುವಿನಲ್ಲಿತ್ತು.

ಆ ಸುಳ್ಳು ಯಾಕೆ ಅಷ್ಟು ಬೇಗ ಬಾಯಿಗೆ ಬಂತು ಎಂದು ನನಗೇ ಅರ್ಥವಾಗಿರಲಿಲ್ಲ. ಅವತ್ತು ಸಮಿತಿಯ ಹಿರಿಯರು ಅವನನ್ನು ಕರೆದಾಗ ನಾನೇನು ಮಾಡಿದೆ ಎಂಬುದಕ್ಕೆ ನನ್ನಲ್ಲಿ ಎರಡು ನೆನಪುಗಳಿದ್ದವು. ಒಂದರಲ್ಲಿ ನಾನು, "ಅವ್ನು ನಮ್ ಡ್ರಮ್ಮರ್ ಸಾ, ಮೆರವಣಿಗೆಗೆ ಬರಾಕಿಲ್ಲ," ಎನ್ನುತ್ತೇನೆ, ಅವರು ಕೇಳುವುದಿಲ್ಲ. ಇನ್ನೊಂದರಲ್ಲಿ ನಾನು ಸ್ಟೇಜಿನ ಹಿಂದೆ ವೈರ್ ಸುತ್ತುತ್ತಿದ್ದೇನೆ, ನನಗೆ ಏನೂ ಗೊತ್ತಾಗುವುದಿಲ್ಲ. ಆಯಾ ದಿನಕ್ಕೆ ಬೇಕಾದದ್ದನ್ನು ನಂಬುತ್ತಿದ್ದೆ. ಮೊನ್ನೆ ನರಸೀಪುರದಲ್ಲಿ ಹಾಡುವವನ ಮೊಬೈಲ್ ಅಂಗಡಿಯಲ್ಲಿ ಕೂತಿದ್ದಾಗ ಎರಡನ್ನೂ ಅವನ ಮುಂದಿಟ್ಟೆ. ಅವನು ಗಿರಾಕಿಗೆ ರೀಚಾರ್ಜ್ ಮಾಡಿಕೊಡುತ್ತಲೇ ಹೇಳಿದ:

"ಸುಮ್ಕಿರ್ಲಾ. ಓಗ್ ಬಾ ಅಂದೋನೇ ನೀನು."

"ನಾನಾ?"

"ಇನ್ನೇನ್ ನಾನಾ?"

ಇದು ಮೂರನೆಯದು. ಆದರೆ ಇದಕ್ಕೆ ಸಾಕ್ಷಿ ಇರಬಹುದಿತ್ತು. ಡೆಕ್ಕನ್ನು ಸೌಂಡಿನವನು ತಕ್ಷಣ ನಿಲ್ಲಿಸಿರಲಿಲ್ಲ. ಹಾಡು ಮುಗಿದ ಮೇಲೂ ಟೇಪಿನಲ್ಲಿ ಏನೋ ಇದೆ ಎಂಬುದು ನನಗೆ ಮೊದಲಿನಿಂದ ಗೊತ್ತು. ಪ್ರತಿ ಸಲವೂ ಕೊನೆಯ ಏಟಿಗೆ ಸರಿಯಾಗಿ ನನ್ನ ಬೆರಳು ಗುಂಡಿ ಒತ್ತುತ್ತಿತ್ತು. ನನ್ನ ಬೆರಳಿಗೆ ನನಗಿಂತ ಚೆನ್ನಾಗಿ ನೆನಪಿತ್ತು.

ಮನೆಗೆ ಬಂದು ಕ್ಯಾಸೆಟ್ ಹಾಕಿದೆ. ಈ ಸಲ ಒತ್ತಲಿಲ್ಲ.

ಹಾಡು ನಿಲ್ಲುತ್ತದೆ. ಯಾರೋ ಕೆಮ್ಮುತ್ತಾರೆ. ದೂರದಿಂದ ಹಿರಿಯರ ದನಿ: "ಏಯ್ ತಮಟೆಯವ್ನೇ, ಬಾರಪ್ಪ, ಸರ್ಕಲ್ ಗಂಟ ಒಸಿ ಬಾರಿಸ್ಕೊಂಡ್ ನಡಿ." ಟೇಪು ಮಾತ್ರ ಸುತ್ತುತ್ತದೆ. ಆಮೇಲೆ ಮೈಕಿಗೆ ತೀರ ಹತ್ತಿರದಲ್ಲಿ ಒಂದು ಎಳೆಯ ದನಿ, ನನ್ನದು, ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಮೃದುವಾಗಿ: "ಓಗ್ ಬಾರ್ಲಾ ಮಗಾ, ಎರಡ್ ನಿಮಿಷ. ನಿನ್ ಡ್ರಮ್ಸ್ ನಾವು ಜೋಡಿಸಿರ್ತೀವಿ."

ಸ್ಟೇಜಿನ ಹಲಗೆ ಸದ್ದಾಗುತ್ತದೆ, ಮೆಟ್ಟಿಲು ಸದ್ದಾಗುತ್ತದೆ. ತಮಟೆ ಶುರುವಾಗುತ್ತದೆ. ಶುರುವಾಗಿ ದೂರ ಹೋಗುತ್ತದೆ, ಜೈಕಾರದೊಳಗೆ ಹೋಗುತ್ತದೆ, ಒಮ್ಮೆ ಮತ್ತೆ ಕೇಳಿ ಇಲ್ಲವಾಗುತ್ತದೆ. ಹಾಡುವವನು, "ಹಲೋ, ಹಲೋ," ಎನ್ನುತ್ತಾನೆ. ಡೆಕ್ ನಿಲ್ಲುತ್ತದೆ.

ಮೆರವಣಿಗೆಗೆ ಅವನು ಬಾರಿಸಿದ್ದು ನಮ್ಮ ಹಾಡಿನ ತಾಳವನ್ನೇ ಎಂದು ನನಗೆ ಕೇಳಿಸುತ್ತದೆ. ಹಾಗಾದರೆ ನಮ್ಮ ಹಾಡು ಜನರ ನಡುವೆ ಹೋದದ್ದು ಅದೊಂದೇ ಸಲ. ಹಾಗೆ ಕೇಳಿಸಲಿ ಎಂದು ನನಗೆ ಬೇಕಾಗಿದೆ, ಆದ್ದರಿಂದ ನಂಬುವುದಿಲ್ಲ.

ಹಾಡಿನವರೆಗೆ ಮಾತ್ರ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿ ಅವನಿಗೆ ಕೊಡೋಣ ಎಂದು ಎರಡು ದಿನ ಯೋಚಿಸಿದೆ. ಅವನ ಅಪ್ಪನ ತಮಟೆ ಅಷ್ಟರಲ್ಲೂ ಇದೆ. ಆದರೆ ಅದು ಅತ್ಯಂತ ಚೆನ್ನಾಗಿ ಕೇಳುವುದು ಆಮೇಲೆ, ಅದರ ಜೊತೆ ಬೇರೆ ಯಾವ ವಾದ್ಯವೂ ಇಲ್ಲದಾಗ, ನನ್ನ ಮಾತಿನ ನಂತರ. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡಲು ಆಗುವುದಿಲ್ಲ. ಕ್ಯಾಸೆಟ್ಟನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಹುಲ್ಲಹಳ್ಳಿ ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಇವತ್ತು ಎರಡು ಹೋದವು.