ಬೇಲಿಯಾಚೆಗೊಂದು ಸಾಲು ಮೂಲಂಗಿ
ನಮ್ಮ ದೊಡ್ಡಮ್ಮ ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಈಗ ಕಂಪ್ಯೂಟರಿನಲ್ಲಿ ಬೇಸಾಯ ಮಾಡುತ್ತಾರೆ. ಯಾರೋ ಒಬ್ಬನೇ ಕೂತು ಮಾಡಿದ ಸಣ್ಣ ಆಟವಂತೆ ಅದು: ಹಗಲು ಮೂಲಂಗಿ, ಆಲೂಗಡ್ಡೆ ಬೆಳೆಯಬೇಕು, ಸಂಜೆಯಾದರೆ ಜೋಂಬಿಗಳು, ಅಂದರೆ ಎದ್ದು ಓಡಾಡುವ ಹೆಣಗಳು, ಹೊಲಕ್ಕೆ ನುಗ್ಗುತ್ತವೆ, ಅವನ್ನು ಸಲಿಕೆಯಿಂದ ಬಡಿದು ಓಡಿಸಬೇಕು. ದೊಡ್ಡಮ್ಮ ಕೈ ತೊಳೆದು, ಕನ್ನಡಕ ಒರೆಸಿ, ಡ್ಯೂಟಿಗೆ ಹೊರಟವರ ಹಾಗೆ ರವಿಕೆಯ ತೋಳು ಮಡಚಿಕೊಂಡು ಕೂರುತ್ತಾರೆ. ಊಟಕ್ಕೆ ಕರೆದರೆ 'ಇರಿ, ಗಿಡಕ್ಕೆ ನೀರು ಬಿಟ್ಟಿದ್ದೀನಿ' ಎನ್ನುತ್ತಾರೆ. ಅವರ ಸಲಿಕೆ ಮಾತ್ರ ಇವತ್ತಿನವರೆಗೆ ಒಂದು ಹೆಣವನ್ನೂ ಮುಟ್ಟಿಲ್ಲ. ಬೇಲಿಯಾಚೆ ಅವಕ್ಕೆಂದೇ ಒಂದು ಸಾಲು ಮೂಲಂಗಿ ಹಾಕಿದ್ದಾರೆ. ಕೊಟ್ಟಿಗೆಯಲ್ಲಿ ದನ ಕಟ್ಟುವುದು ಬಿಟ್ಟು ಮಂಚಗಳನ್ನು ಸಾಲಾಗಿ ಹಾಕಿ, ನಡುವೆ ಟ್ರಾಲಿ ಹೋಗುವಷ್ಟು ಜಾಗ ಬಿಟ್ಟಿದ್ದಾರೆ. ಆ ಆಟದಲ್ಲಿ ಟ್ರಾಲಿಯೇ ಇಲ್ಲ. ಎರಡು ವರ್ಷವಾದರೂ ಮೊದಲನೇ ಹಂತ ದಾಟಿಲ್ಲ. 'ಹೊಡೆದರೆ ತಾನೇ ಮುಂದಕ್ಕೆ ಹೋಗೋದು, ದೊಡ್ಡಮ್ಮ' ಎಂದರೆ, 'ಮುಂದಕ್ಕೆ ಹೋಗಿ ಏನ್ ಕಡಿದು ಗುಡ್ಡೆ ಹಾಕೋದಿದೆ' ಎಂಬ ಉತ್ತರ. ಬೆಳೆಯ ಹೆಸರು ಬರೆಯಲೆಂದು ಆಟದಲ್ಲಿ ಸಿಗುವ ಮರದ ಫಲಕಗಳನ್ನು ಒಂದೊಂದು ಮಂಚಕ್ಕೂ ನೆಟ್ಟಿದ್ದಾರೆ. ಮೊನ್ನೆ ಬಗ್ಗಿ ಓದಿದೆ: 'ಕಿಟಕಿ ಪಕ್ಕದವರು', 'ಕೆಮ್ಮಿನ ತಾತ', 'ಹಾಲು ಬೇಡ ಅಂದವಳು'. ಯಾರಿವರೆಲ್ಲ ಎಂದು ಕೇಳಿದೆ. 'ನನ್ನ ವಾರ್ಡಲ್ಲಿ ತೀರಿಹೋದೋರು. ಕೊನೇವರೆಗೂ ಇವರನ್ನ ನೋಡೋಕೆ ಅಂತ ಒಬ್ಬರೂ ಬರಲಿಲ್ಲ' ಎಂದರು ದೊಡ್ಡಮ್ಮ, ಪರದೆಯಿಂದ ಕಣ್ಣು ತೆಗೆಯದೆ. 'ಈಗ ಇವರೇ ನನ್ನನ್ನ ನೋಡೋಕೆ ಬರ್ತಿದ್ದಾರೆ. ಸಲಿಕೆ ಎತ್ತೋಕಾಗುತ್ತಾ?'